ಗದ್ದೆಗಿಳಿದ ಜನರಲ್

1876ರ ಆಗಸ್ಟ್. ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದಲ್ಲಿ ಕಂಬಾಹಿ ನದಿಯ ಇಕ್ಕೆಲದಲ್ಲಿ ಭತ್ತ ಕೊಯ್ಲಿಗೆ ನಿಂತಿತ್ತು. ಕುಮಟಾ ಕಡೆಯ ಗಜನಿ ಗದ್ದೆಗಳನ್ನು ಕಂಡವರಿಗೆ ಆ ಬಯಲು ತೀರಾ ಅಪರಿಚಿತ ಅನ್ನಿಸದು. ಸಮುದ್ರದ ಉಬ್ಬರಕ್ಕೆ ನದಿ ಏರುತ್ತದೆ, ಕಟ್ಟೆಯ ಬಾಗಿಲು ತೆಗೆದು ನೀರನ್ನು ಗದ್ದೆಗೆ ಬಿಡುತ್ತಾರೆ, ಇಳಿತ ಬಂದಾಗ ಹೊರಗೆ ಹರಿಸುತ್ತಾರೆ. ಆದರೆ ಕಂಬಾಹಿಯಲ್ಲಿ ಗದ್ದೆಗೆ ಬರುವುದು ಸಿಹಿನೀರು. ಆ ಕಟ್ಟೆ, ಕಾಲುವೆಗಳನ್ನೆಲ್ಲ ತಲೆಮಾರುಗಟ್ಟಲೆ ದುಡಿದು ಕಟ್ಟಿದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು ಮತ್ತು ಅವರ ಮಕ್ಕಳು ಮರಿಗಳು. 1865ರಲ್ಲಿ ಗುಲಾಮಗಿರಿ ಹೋಯಿತು. ಅದೇ ಜನ ಅದೇ ಗದ್ದೆಗೆ ಕೂಲಿಗಳಾಗಿ ಇಳಿದರು. ಅವರಿಗೆ ಸಿಗುತ್ತಿದ್ದುದು ದುಡ್ಡಲ್ಲ, ಕಾಗದದ ಚೀಟಿ. ಅದು ನಡೆಯುತ್ತಿದ್ದುದು ಜಮೀನ್ದಾರರ ಅಂಗಡಿಯಲ್ಲಿ, ಅಂಗಡಿಯವನು ಹೇಳಿದ ಬೆಲೆಗೆ. ನಗದು ಕೊಡಿ ಎಂದು ಕೂಲಿಗಳು ಕುಡುಗೋಲು ಕೆಳಗಿಟ್ಟರು.

ಮುಷ್ಕರದ ಸುದ್ದಿ ಹಬ್ಬುತ್ತಿದ್ದಂತೆ ಬಿಳಿಯರ ಗುಂಪೊಂದು ಬಂದೂಕು ಹಿಡಿದು ಕುದುರೆಯೇರಿ ಬಂತು. ಎದುರಿಗಿದ್ದ ನೂರಾರು ಕೂಲಿಗಳ ಕೈಯಲ್ಲಿದ್ದುದು ದೊಣ್ಣೆ. ಆಗ ಗವರ್ನರ್ ಡೇನಿಯಲ್ ಚೇಂಬರ್ಲೇನ್ ನೆಚ್ಚಿಕೊಂಡದ್ದು ರಾಬರ್ಟ್ ಸ್ಮಾಲ್ಸ್ ಅವರನ್ನು. ಸ್ಮಾಲ್ಸ್ ರಾಜ್ಯದ ನಾಗರಿಕ ಸೇನೆಯಾದ ಮಿಲಿಷಿಯಾದ ಮೇಜರ್ ಜನರಲ್, ಅಮೆರಿಕದ ಕಾಂಗ್ರೆಸ್‌ನ ಕೆಳಮನೆಯ ಸದಸ್ಯ. ವಯಸ್ಸು ಮೂವತ್ತೇಳು. ಹದಿನೈದು ವರ್ಷದ ಹಿಂದೆ ಅವರೇ ಒಬ್ಬರ ಸ್ವತ್ತಾಗಿದ್ದವರು. ಅವರು ಎರಡೂ ಕಡೆಯವರ ನಡುವೆ ಓಡಾಡಿ ಮಾತಾಡಿದರು. ಬಂದೂಕಿನವರು ಚದುರಿದರು. ಮುಷ್ಕರದ ಮುಂದಾಳುಗಳು ತಾವಾಗಿಯೇ ಕಾನೂನಿಗೆ ಒಪ್ಪಿಸಿಕೊಂಡು ಬ್ಯೂಫರ್ಟ್ ಪಟ್ಟಣದ ನ್ಯಾಯಾಧಿಕಾರಿಯ ಮುಂದೆ ನಿಂತರು, ಬಿಡುಗಡೆಯಾಗಿ ಮನೆಗೆ ಹೋದರು. ಹೆಣಗಳು ಉರುಳಬಹುದಾಗಿದ್ದ ಜಾಗದಲ್ಲಿ ಮಾತುಕತೆ ಗೆದ್ದಿತು.

ಅಮೆರಿಕನ್ನರು ಸ್ಮಾಲ್ಸ್ ಅವರನ್ನು ನೆನೆಯುವುದು ಬೇರೊಂದು ಕಾರಣಕ್ಕೆ. ಯುದ್ಧಕಾಲದ ಒಂದು ರಾತ್ರಿ ಶತ್ರುವಿನ ಹಡಗನ್ನೇ ಕದ್ದು ಹೊರಟ ಗುಲಾಮನ ಕಥೆ ಅಲ್ಲಿ ಮಕ್ಕಳ ಪುಸ್ತಕಗಳಲ್ಲೂ ಇದೆ. ಆ ಸಾಹಸ ದೊಡ್ಡದೇ. ಆದರೆ ನಂತರದ ಹದಿನೈದು ವರ್ಷ ಅವರು ಸೇನಾಧಿಕಾರಿಯಾಗಿ, ಶಾಸಕರಾಗಿ ಮಾಡಿದ್ದು ಅದಕ್ಕಿಂತ ಕಷ್ಟದ ಕೆಲಸ. ಹಡಗನ್ನು ಒಯ್ಯಲು ಒಂದಷ್ಟು ಗೆಳೆಯರು, ಒಂದು ಕತ್ತಲೆ ಸಾಕಾಗಿತ್ತು. ಗುಲಾಮರನ್ನು ಪ್ರಜೆಗಳನ್ನಾಗಿ ಮಾಡುವುದಕ್ಕೆ ಒಂದು ರಾಜ್ಯವನ್ನೇ ಹೊಸದಾಗಿ ಕಟ್ಟಬೇಕಿತ್ತು. ಮತ ಹಾಕುವ ಹಕ್ಕು, ಆ ಹಕ್ಕನ್ನು ಕಾಯುವ ಬಲ ಇವೆರಡೂ ಒಟ್ಟಿಗೇ ಇರಬೇಕು ಎಂಬುದನ್ನು ಅವರಷ್ಟು ಸ್ಪಷ್ಟವಾಗಿ ಕಂಡವರು ಆ ರಾಜ್ಯದಲ್ಲಿ ಕಡಿಮೆ.

ಹುಟ್ಟಿದ್ದು 1839ರ ಏಪ್ರಿಲ್ 5ರಂದು, ಬ್ಯೂಫರ್ಟ್‌ನ ಪ್ರಿನ್ಸ್ ಸ್ಟ್ರೀಟ್‌ನಲ್ಲಿದ್ದ ಮಕೀ ಕುಟುಂಬದ ದೊಡ್ಡ ಮನೆಯ ಹಿತ್ತಿಲ ಗುಡಿಸಲಿನಲ್ಲಿ. ತಾಯಿ ಲಿಡಿಯಾ ಆ ಮನೆಯ ಕೆಲಸದಾಳು, ಗುಲಾಮಳು. ದಣಿಗಳ ಮನೆಯಲ್ಲಿ ಹುಡುಗನಿಗೆ ಸಲುಗೆ ಸಿಕ್ಕಿತ್ತು. ತಾನು ಯಾರೆಂಬುದನ್ನು ಮಗ ಮರೆತಾನು ಎಂದು ಹೆದರಿ, ಗುಲಾಮರಿಗೆ ಚಾಟಿಯೇಟು ಬೀಳುವಲ್ಲಿಗೆ ಲಿಡಿಯಾ ಅವನನ್ನು ಕರೆದೊಯ್ದು ತೋರಿಸಿದಳೆಂದು ಆ ಮನೆತನದವರು ಹೇಳುತ್ತ ಬಂದಿದ್ದಾರೆ. ಹನ್ನೆರಡನೇ ವಯಸ್ಸಿಗೆ ಅವನನ್ನು ಚಾರ್ಲ್ಸ್ಟನ್ ಬಂದರಿಗೆ ದುಡಿಯಲು ಕಳಿಸಿದರು. ಹೋಟೆಲಿನಲ್ಲಿ ಮಾಣಿ, ಬೀದಿದೀಪ ಹಚ್ಚುವವ, ಧಕ್ಕೆಯ ಹಮಾಲಿ, ಹಾಯಿ ಹೊಲಿಯುವವ, ಕೊನೆಗೆ ಹಡಗಿನ ಚುಕ್ಕಾಣಿ ಹಿಡಿಯುವವ. ಗಳಿಕೆಯ ಬಹುಪಾಲು ದಣಿಯ ಜೇಬಿಗೆ. ಹದಿನೇಳನೇ ವಯಸ್ಸಿಗೆ ಹ್ಯಾನಾ ಎಂಬಾಕೆಯನ್ನು ಮದುವೆಯಾದ. ಆಕೆಯೂ ಗುಲಾಮಳು, ದಣಿ ಬೇರೆ. ಹೆಂಡತಿ, ಮಗಳನ್ನು ಬಿಡಿಸಿಕೊಳ್ಳಲು ಆಕೆಯ ದಣಿ ಹೇಳಿದ ಬೆಲೆ 800 ಡಾಲರ್. ಹುಡುಗ ದುಡ್ಡು ಕೂಡಿಡತೊಡಗಿದ. ಅಷ್ಟರಲ್ಲಿ 1861 ಬಂತು, ಗುಲಾಮಗಿರಿಯನ್ನು ಉಳಿಸಿಕೊಳ್ಳಲೆಂದು ದಕ್ಷಿಣದ ರಾಜ್ಯಗಳು ಬೇರೆಯಾಗಿ ಯುದ್ಧಕ್ಕೆ ನಿಂತವು.

ಸ್ಮಾಲ್ಸ್ ಚುಕ್ಕಾಣಿ ಹಿಡಿದಿದ್ದ ಪ್ಲಾಂಟರ್, ಹತ್ತಿ ಸಾಗಿಸಲು ಕಟ್ಟಿದ ಉಗಿ ಹಡಗು. ಈಗ ಅದು ದಕ್ಷಿಣದವರ, ಅಂದರೆ ಕಾನ್ಫೆಡರೇಟ್ ಸೇನೆಯ ಫಿರಂಗಿ ಹೊರುತ್ತಿತ್ತು. ನಿಯಮದ ಪ್ರಕಾರ ಬಿಳಿಯ ಅಧಿಕಾರಿಗಳು ರಾತ್ರಿ ಹಡಗಿನಲ್ಲೇ ಇರಬೇಕು. 1862ರ ಮೇ 12ರ ರಾತ್ರಿ ಮೂವರೂ ದಡಕ್ಕೆ ಹೋಗಿ ಮಲಗಿದರು. ನಸುಕಿನ ಮೂರರ ಸುಮಾರಿಗೆ ಸ್ಮಾಲ್ಸ್ ಮತ್ತು ಜೊತೆಯ ಗುಲಾಮ ನಾವಿಕರು ಬಾಯ್ಲರಿಗೆ ಬೆಂಕಿ ಕೊಟ್ಟರು. ಇನ್ನೊಂದು ಧಕ್ಕೆಯಲ್ಲಿ ಅಡಗಿ ಕಾಯುತ್ತಿದ್ದ ಹೆಂಗಸರು, ಮಕ್ಕಳನ್ನು ಹತ್ತಿಸಿಕೊಂಡರು. ಒಟ್ಟು ಹದಿನಾರು ಜೀವ. ಹಡಗಿನಲ್ಲಿ ಬೇರೆಡೆಗೆ ಒಯ್ಯಲೆಂದು ಏರಿಸಿದ್ದ ಫಿರಂಗಿಗಳೂ ಇದ್ದವು.

ಮುಂದಿನ ದಾರಿಯಲ್ಲಿ ಒಂದರ ಹಿಂದೆ ಒಂದು ಕೋಟೆ. ಸ್ಮಾಲ್ಸ್ ಕ್ಯಾಪ್ಟನ್‌ನ ಹುಲ್ಲುಟೋಪಿ ತಲೆಗಿಟ್ಟು, ಅವನ ಹಾಗೆಯೇ ಕಟಕಟೆಗೆ ಒರಗಿ ನಿಂತರು. ಓಡಿದರೆ ಅನುಮಾನ, ನಿಂತರೆ ಬೆಳಕು ಹರಿಯುತ್ತದೆ. ಎಂದಿನ ವೇಗದಲ್ಲೇ ಹೋದರು. ಪ್ರತಿ ಕೋಟೆಗೂ ಸಲ್ಲಬೇಕಾದ ಸಂಕೇತ ಅವರಿಗೆ ಬಾಯಿಪಾಠ. ಸಮ್ಟರ್ ಕೋಟೆಯ ಬುಡಕ್ಕೆ ಬಂದಾಗ ಎರಡು ಉದ್ದ, ಒಂದು ಗಿಡ್ಡ ಸಿಳ್ಳೆ ಹಾಕಿದರು. ಕೋಟೆ ಹೋಗಲು ಬಿಟ್ಟಿತು. ಫಿರಂಗಿಯ ಗುರಿ ದಾಟಿದ ಮೇಲೆ ಕಾನ್ಫೆಡರೇಟ್ ಬಾವುಟ ಇಳಿಸಿ ಹಾಸಿಗೆಯ ಬಿಳಿ ಚಾದರ ಏರಿಸಿದರು. ಎದುರಿಗೆ ಬಂದರಿಗೆ ದಿಗ್ಬಂಧನ ಹಾಕಿದ್ದ ಉತ್ತರದವರ, ಅಂದರೆ ಯೂನಿಯನ್ ಪಡೆಯ ನೌಕೆ ಆನ್ವರ್ಡ್, ಗುಂಡು ಹಾರಿಸಲು ಸಜ್ಜಾಗಿತ್ತು. ಬಿಳಿ ಚಾದರ ಕಣ್ಣಿಗೆ ಬಿತ್ತು, ಫಿರಂಗಿ ಸುಮ್ಮನಾಯಿತು.

ಹಡಗು, ಫಿರಂಗಿಗಳ ಜೊತೆಗೆ ಸಂಕೇತಗಳ ಪುಸ್ತಕವೂ ಯೂನಿಯನ್ ಕೈಸೇರಿತು. ಕೋಲ್ಸ್ ದ್ವೀಪದ ಫಿರಂಗಿಗಳನ್ನು ತೆಗೆದಿದ್ದಾರೆಂಬ ಸುದ್ದಿ ಸ್ಮಾಲ್ಸ್ ಬಾಯಿಂದ ಬಂದದ್ದರಿಂದ ಸ್ಟೋನೋ ನದಿಯ ದಾರಿ ತೆರೆಯಿತು. ಕಾಂಗ್ರೆಸ್ ಬಹುಮಾನ ಮಂಜೂರು ಮಾಡಿತು, ಸ್ಮಾಲ್ಸ್ ಪಾಲಿಗೆ ಬಂದದ್ದು 1,500 ಡಾಲರ್. ಹಡಗಿನ ಬೆಲೆಯನ್ನು ತೀರಾ ಕಡಿಮೆ ಕಟ್ಟಿದ್ದರು.

ಇಲ್ಲಿಂದಲೇ ಅವರ ಸಾರ್ವಜನಿಕ ಬದುಕು ಶುರು. ಅದೇ ವರ್ಷದ ಆಗಸ್ಟಿನಲ್ಲಿ ಪಾದ್ರಿ ಮ್ಯಾನ್ಸ್‌ಫೀಲ್ಡ್ ಫ್ರೆಂಚ್ ಜೊತೆ ಅವರು ವಾಷಿಂಗ್ಟನ್‌ಗೆ ಹೋದರು. ಕಪ್ಪು ಜನರನ್ನು ಸೈನ್ಯಕ್ಕೆ ಸೇರಿಸಿಕೊಳ್ಳಿ ಎಂಬುದು ಅವರ ಅಹವಾಲು. ಅಧ್ಯಕ್ಷ ಲಿಂಕನ್ ಇನ್ನೂ ಹಿಂದೆಮುಂದೆ ನೋಡುತ್ತಿದ್ದ ಕಾಲ ಅದು. ಯುದ್ಧ ಕಾರ್ಯದರ್ಶಿ ಎಡ್ವಿನ್ ಸ್ಟ್ಯಾಂಟನ್ ಕೊಟ್ಟ ಆದೇಶ ಪತ್ರ ಹಿಡಿದು ಇಬ್ಬರೂ ಮರಳಿದರು. 5,000 ಕಪ್ಪು ಸೈನಿಕರನ್ನು ಸೇರಿಸಿಕೊಳ್ಳಲು ಅದು ಜನರಲ್ ರೂಫಸ್ ಸ್ಯಾಕ್ಸ್‌ಟನ್‌ಗೆ ಅನುಮತಿ ಕೊಟ್ಟಿತ್ತು. ಪ್ರಜೆತನಕ್ಕೂ ಬಂದೂಕಿಗೂ ಇರುವ ನಂಟನ್ನು ಸ್ಮಾಲ್ಸ್ ಮೊದಲು ಕಂಡದ್ದು ಇಲ್ಲಿಯೇ ಇರಬೇಕು. 1863ರ ಏಪ್ರಿಲ್‌ನಲ್ಲಿ ಸಮ್ಟರ್ ಮೇಲಿನ ದಾಳಿಯಲ್ಲಿ ಕಿಯೋಕಕ್ ಎಂಬ ಕಬ್ಬಿಣದ ಹೊದಿಕೆಯ ಯುದ್ಧನೌಕೆಗೆ ಅವರೇ ದಾರಿ ತೋರಿಸಿದರು. ಅದಕ್ಕೆ ತೊಂಬತ್ತು ಗುಂಡು ಬಿದ್ದು ಮರುದಿನ ಮುಳುಗಿತು. ಡಿಸೆಂಬರಿನಲ್ಲಿ ಪ್ಲಾಂಟರ್ ಗುಂಡಿನ ಸುರಿಮಳೆಗೆ ಸಿಕ್ಕಾಗ ಬಿಳಿಯ ಕ್ಯಾಪ್ಟನ್ ಕಲ್ಲಿದ್ದಲಿನ ಕೋಣೆಯಲ್ಲಿ ಅಡಗಿದ. ಸ್ಮಾಲ್ಸ್ ಹಡಗನ್ನು ಉಳಿಸಿ ತಂದರು, ಅದರ ಕ್ಯಾಪ್ಟನ್ ಆದರು.

ಅಲ್ಲಿಯವರೆಗೂ ಅವರಿಗೆ ಓದು ಬರಹ ಇರಲಿಲ್ಲ. 1864ರಲ್ಲಿ ಹಡಗಿನ ದುರಸ್ತಿಗೆಂದು ಫಿಲಡೆಲ್ಫಿಯಾದಲ್ಲಿ ತಿಂಗಳುಗಟ್ಟಲೆ ಉಳಿಯಬೇಕಾಯಿತು. ಆ ಬಿಡುವಿನಲ್ಲಿ ಅಕ್ಷರ ಕಲಿತರು. ಅದೇ ಊರಿನ ಕುದುರೆ ಟ್ರಾಮಿನಿಂದ, ಕಪ್ಪಗಿದ್ದಾರೆಂಬ ಕಾರಣಕ್ಕೆ, ಅವರನ್ನು ಇಳಿಸಿದರು. ಊರೂರಲ್ಲಿ ಈ ಅವಮಾನದ ಮಾತು ಎದ್ದಿತು. 1867ರಲ್ಲಿ ಪೆನ್ಸಿಲ್ವೇನಿಯಾ ಟ್ರಾಮುಗಳಲ್ಲಿ ಈ ಭೇದವನ್ನು ಕಾನೂನಿನಿಂದ ನಿಲ್ಲಿಸಿತು.

ಯುದ್ಧ ನಡೆಯುತ್ತಿದ್ದಾಗಲೇ ತೆರಿಗೆ ಬಾಕಿಗಾಗಿ ಹರಾಜಾದ ಪ್ರಿನ್ಸ್ ಸ್ಟ್ರೀಟ್‌ನ ಮನೆಯನ್ನು ಸ್ಮಾಲ್ಸ್ ಕೊಂಡರು. ತಾಯಿ ಕಸ ಗುಡಿಸಿದ ಅದೇ ಮನೆ. ಹಳೆಯ ಒಡೆಯರ ಕಡೆಯವರು ದಾವೆ ಹೂಡಿದರು, ಅದು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1878ರಲ್ಲಿ ತೀರ್ಪು ಸ್ಮಾಲ್ಸ್ ಪರವಾಗಿ ಬಂತು. ತೆರಿಗೆ ಹರಾಜಿನಲ್ಲಿ ಜಮೀನು ಕೊಂಡ ಇತರರ ಹಕ್ಕೂ ಇದರಿಂದ ಗಟ್ಟಿಯಾಯಿತು. ಹಳೆಯ ಯಜಮಾನತಿ ಮಕೀ ಅಮ್ಮ ಮುಪ್ಪಿನಲ್ಲಿ ಅರಿವು ತಪ್ಪಿ, ಇದಿನ್ನೂ ತನ್ನದೇ ಮನೆ ಎಂದುಕೊಂಡು ಬಾಗಿಲಿಗೆ ಬಂದಾಗ, ಆಕೆಯ ಹಳೆಯ ಕೋಣೆಯಲ್ಲೇ ಇರಿಸಿಕೊಂಡು ನೋಡಿಕೊಂಡರೆಂಬ ಕಥೆಯನ್ನು ಬ್ಯೂಫರ್ಟ್‌ನಲ್ಲಿ ಈಗಲೂ ಹೇಳುತ್ತಾರೆ.

1868ರ ಜನವರಿಯಲ್ಲಿ ಚಾರ್ಲ್ಸ್ಟನ್‌ನಲ್ಲಿ ರಾಜ್ಯದ ಹೊಸ ಸಂವಿಧಾನ ಬರೆಯುವ ಸಭೆ ಸೇರಿತು. ಪ್ರತಿನಿಧಿಗಳಲ್ಲಿ ಹೆಚ್ಚಿನವರು ಕಪ್ಪು ಜನ. ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಾಲೆ ಬೇಕೆಂಬ ನಿರ್ಣಯವನ್ನು ತಂದವರು ಸ್ಮಾಲ್ಸ್. ಅಕ್ಷರ ಕಲಿತು ನಾಲ್ಕು ವರ್ಷವೂ ಆಗಿರದಿದ್ದ ಮನುಷ್ಯ! ಗುಲಾಮರಿಗೆ ಓದಿಸುವುದು ಅಪರಾಧವಾಗಿದ್ದ ರಾಜ್ಯದಲ್ಲಿ ಸಾರ್ವಜನಿಕ ಶಾಲೆಗಳ ವ್ಯವಸ್ಥೆ ಸಂವಿಧಾನಕ್ಕೆ ಸೇರಿತು. ಇಂದು ದಕ್ಷಿಣ ಕೆರೊಲಿನಾದಲ್ಲಿ ಸರ್ಕಾರಿ ಶಾಲೆಗೆ ಹೋಗುವ ಮಗು, ಅದು ಯಾವ ಬಣ್ಣದ್ದೇ ಇರಲಿ, ಆ ಸಭೆಯ ಋಣದಲ್ಲಿದೆ. ಅದೇ ವರ್ಷ ಅವರು ರಾಜ್ಯದ ಕೆಳಮನೆಗೆ ಆರಿಸಿ ಬಂದರು, 1870ರಲ್ಲಿ ರಾಜ್ಯದ ಸೆನೆಟ್‌ಗೆ.

ಶಾಸನ ಬರೆದದ್ದಾಯಿತು, ಅದನ್ನು ಕಾಯುವವರು ಯಾರು? ಬಿಳಿಯರ ರಹಸ್ಯ ಗುಂಪಾದ ಕೂ ಕ್ಲಕ್ಸ್ ಕ್ಲ್ಯಾನ್ ಮುಸುಕು ಹಾಕಿ ರಾತ್ರಿ ಹೊತ್ತು ಮನೆಬಾಗಿಲಿಗೆ ಬರುತ್ತಿತ್ತು. ಗವರ್ನರ್ ರಾಬರ್ಟ್ ಸ್ಕಾಟ್ ಕಾಲದಲ್ಲಿ ರಾಜ್ಯ ಮಿಲಿಷಿಯಾ ಹೊಸದಾಗಿ ರೂಪುಗೊಂಡಿತು. ಬಿಳಿಯರು ಸೇರಲು ಅಡ್ಡಿಯೇನೂ ಇರಲಿಲ್ಲ, ಆದರೆ ಕಪ್ಪು ಜನರ ಪಕ್ಕದಲ್ಲಿ ಸಾಲು ನಿಲ್ಲಲು ಅವರು ಒಪ್ಪಲಿಲ್ಲ. ಹೀಗಾಗಿ ದಳಗಳು ಬಹುಮಟ್ಟಿಗೆ ನಿನ್ನೆಯ ಗುಲಾಮರಿಂದಲೇ ತುಂಬಿದವು. ವಾರವಿಡೀ ಗದ್ದೆಯಲ್ಲಿ ದುಡಿದವನು ಕವಾಯತಿನ ದಿನ ಸರ್ಕಾರದ ಬಂದೂಕು ಹೆಗಲಿಗೇರಿಸಿ ಊರ ಬೀದಿಯಲ್ಲಿ ನಡೆಯುತ್ತಿದ್ದ. ಹಳೆಯ ದಣಿಗಳ ಕಣ್ಣಿಗೆ ಇದಕ್ಕಿಂತ ದೊಡ್ಡ ಚುಚ್ಚು ಇನ್ನೊಂದಿರಲಿಲ್ಲ. ಸ್ಮಾಲ್ಸ್ ಈ ಸೇನೆಯಲ್ಲಿ ಲೆಫ್ಟಿನೆಂಟ್ ಕರ್ನಲ್, ಬ್ರಿಗೇಡಿಯರ್ ಜನರಲ್ ಆಗಿ ಕೊನೆಗೆ ಎರಡನೇ ಡಿವಿಷನ್ನಿನ ಮೇಜರ್ ಜನರಲ್ ಆದರು. ಸೆನೆಟ್‌ನಲ್ಲಿ ಮಾತಾಡುತ್ತಿದ್ದವರೂ ಅವರೇ, ದಳಗಳ ತಪಾಸಣೆಗೆ ಹೋಗುತ್ತಿದ್ದವರೂ ಅವರೇ.

ಬಂದೂಕು ಕೈಬಿಟ್ಟಲ್ಲಿ ಏನಾಯಿತೆಂಬುದು ಬೇಗನೆ ಗೊತ್ತಾಯಿತು. ಗಲಭೆ ತಣಿಯಲೆಂದು ಸ್ಕಾಟ್ ಒಳನಾಡಿನ ಕೆಲವು ದಳಗಳ ಆಯುಧ ಹಿಂಪಡೆಯಹೊರಟರು. 1871ರ ಮಾರ್ಚ್‌ನಲ್ಲಿ ಯಾರ್ಕ್ ಕೌಂಟಿಯ ಮಿಲಿಷಿಯಾ ಕ್ಯಾಪ್ಟನ್ ಜಿಮ್ ವಿಲಿಯಮ್ಸ್ ಅವರನ್ನು ಕ್ಲ್ಯಾನ್‌ನವರು ಮನೆಯಿಂದ ಎಳೆದೊಯ್ದು ಮರಕ್ಕೆ ನೇಣು ಹಾಕಿದರು. ಅಕ್ಟೋಬರಿನಲ್ಲಿ ಅಧ್ಯಕ್ಷ ಗ್ರಾಂಟ್ ಒಂಬತ್ತು ಕೌಂಟಿಗಳಲ್ಲಿ, ಬಂಧಿತರನ್ನು ಕೋರ್ಟಿನ ಮುಂದೆ ತರಿಸುವ ಹೇಬಿಯಸ್ ಕಾರ್ಪಸ್ ಹಕ್ಕನ್ನೇ ತಡೆಹಿಡಿದು ಸೈನ್ಯ ಬಳಸಬೇಕಾಯಿತು. ಕರಾವಳಿಯ ಬ್ಯೂಫರ್ಟ್ ಮಾತ್ರ ಬೇರೆಯೇ ಲೋಕ. ಅಲ್ಲಿ ಕಪ್ಪು ಜನರ ಸಂಖ್ಯೆಯೂ ದೊಡ್ಡದು, ಮಿಲಿಷಿಯಾವೂ ಗಟ್ಟಿ. ಮತದಾನ ನಡೆಯಿತು, ಶಾಲೆಗಳು ನಡೆದವು, ಜಮೀನು ಕೊಂಡ ಕೂಲಿಗಳು ಅದನ್ನು ಉಳಿಸಿಕೊಂಡರು. ಒಂದೇ ರಾಜ್ಯ, ಒಂದೇ ಕಾನೂನು. ವ್ಯತ್ಯಾಸ ಇದ್ದದ್ದು ಕಾಯುವ ಬಲದಲ್ಲಿ.

1874ರ ಚುನಾವಣೆ ಗೆದ್ದು ಸ್ಮಾಲ್ಸ್ ವಾಷಿಂಗ್ಟನ್ ಸೇರಿದರು. ಎರಡನೇ ವರ್ಷವೇ ಹ್ಯಾಂಬರ್ಗ್ ಸುದ್ದಿ ಬಂತು. ಸವಾನಾ ನದಿಯ ದಂಡೆಯ ಆ ಪುಟ್ಟ ಊರಿನಲ್ಲಿ 1876ರ ಜುಲೈ 4ರಂದು ಕಪ್ಪು ಮಿಲಿಷಿಯಾ ದಳ ಸ್ವಾತಂತ್ರ್ಯ ದಿನದ ಕವಾಯತು ಮಾಡುತ್ತಿತ್ತು. ಇಬ್ಬರು ಬಿಳಿಯರ ಗಾಡಿಗೆ ದಾರಿ ಬಿಡುವ ವಿಷಯಕ್ಕೆ ಜಗಳವಾಯಿತು. ನಾಲ್ಕು ದಿನದ ಮೇಲೆ ನೂರಾರು ಬಿಳಿಯರು ಬಂದು ದಳದ ಬಂದೂಕುಗಳನ್ನು ಒಪ್ಪಿಸುವಂತೆ ಹಟ ಹಿಡಿದರು. ಹೊಳೆಯಾಚೆಯ ಆಗಸ್ಟಾ ನಗರದಿಂದ ಫಿರಂಗಿಯೂ ಬಂತು. ಕಾದಾಟದಲ್ಲಿ ಒಬ್ಬ ಬಿಳಿಯ ಸತ್ತ. ಸೆರೆ ಸಿಕ್ಕ ಮಿಲಿಷಿಯಾದವರಲ್ಲಿ ಕೆಲವರನ್ನು ಆ ರಾತ್ರಿ ಹೆಸರು ಹಿಡಿದು ಕರೆದು ಗುಂಡಿಕ್ಕಿ ಕೊಂದರು. ಒಟ್ಟು ಆರು ಮಂದಿ ಕಪ್ಪು ಜನ ಸತ್ತರು. ಯಾರಿಗೂ ಶಿಕ್ಷೆಯಾಗಲಿಲ್ಲ.

ತನ್ನ ರಾಜ್ಯದ ಸೇನೆಗೆ ಸೇರಿದ ಸೈನಿಕರು ಹೀಗೆ ಸತ್ತಾಗ ಮೇಜರ್ ಜನರಲ್ ಇದ್ದದ್ದು ಸಂಸತ್ತಿನಲ್ಲಿ. ಸೈನ್ಯಕ್ಕೆ ಸಂಬಂಧಿಸಿದ ಮಸೂದೆಯೊಂದು ಚರ್ಚೆಗೆ ಬಂದಾಗ ಅವರು ತಿದ್ದುಪಡಿ ತಂದರು. ರಾಜ್ಯದ ಮಿಲಿಷಿಯಾದವರನ್ನು ನಿರಾಯುಧರನ್ನಾಗಿಸಿ, ಸೆರೆಹಿಡಿದು ಕೊಲ್ಲುವುದು ನಡೆದಿರುವ ತನಕ ದಕ್ಷಿಣ ಕೆರೊಲಿನಾದಿಂದ ಕೇಂದ್ರದ ಪಡೆಗಳನ್ನು ಹಿಂತೆಗೆಯಬಾರದು ಎಂಬುದು ಅದರ ತಾತ್ಪರ್ಯ. ಕಣ್ಣಾರೆ ಕಂಡವರೊಬ್ಬರ ಪತ್ರವನ್ನೂ ಸದನದ ಮುಂದಿಟ್ಟರು. ಬರೆದವರ ಹೆಸರು ಹೇಳಿ ಎಂದು ಎದುರು ಪಕ್ಷದ ಸ್ಯಾಮ್ಯುಯೆಲ್ ಕಾಕ್ಸ್ ಕೆಣಕಿದರು. ಹೆಸರು ಹೇಳಿದರೆ ಇನ್ನೊಂದು ಕೊಲೆಯಾಗುತ್ತದೆ, ಹೇಳಲಾರೆ, ಪತ್ರಕ್ಕೆ ನಾನೇ ಹೊಣೆ ಎಂಬ ಅರ್ಥದ ಉತ್ತರ ಬಂತು. ಇದಾದ ಕೆಲವೇ ವಾರಕ್ಕೆ ಅವರು ಕಂಬಾಹಿಯ ಗದ್ದೆಗೆ ಬಂದದ್ದು. ಹ್ಯಾಂಬರ್ಗ್ ಇಡೀ ರಾಜ್ಯದ ಮನಸ್ಸಿನಲ್ಲಿ ಹಸಿಯಾಗಿತ್ತು. ಅಂಥ ಹೊತ್ತಿನಲ್ಲಿ ಕಪ್ಪು ಜನರಲ್ ಒಬ್ಬ ಮಿಲಿಷಿಯಾ ದಳ ಕಟ್ಟಿಕೊಂಡು ಬಂದಿದ್ದರೆ ಕೂಲಿಗಳ ಮೇಲೆಯೇ ಗುಂಡು ಬೀಳುತ್ತಿತ್ತೇನೋ. ಬಲ ಇದ್ದೂ ಅದನ್ನು ತೋರಿಸದ ಆ ತಿಳಿವಳಿಕೆಗೆ ಹಡಗಿನ ಸಾಹಸದಷ್ಟೇ ಎದೆಗಾರಿಕೆ ಬೇಕು.

ಆ ವರ್ಷದ ಚುನಾವಣೆಯಲ್ಲಿ ಕೆಂಪಂಗಿ ತೊಟ್ಟ ಬಿಳಿಯರ ಪಡೆಗಳು ಊರೂರು ತಿರುಗಿದವು. ಸ್ಮಾಲ್ಸ್ ಮತ್ತೆ ಗೆದ್ದರು, ಆದರೆ ರಾಜ್ಯದ ಸರ್ಕಾರ ಅವರ ಪಕ್ಷದ ಕೈತಪ್ಪಿತು. 1877ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಹೇಯ್ಸ್ ರಾಜಧಾನಿ ಕೊಲಂಬಿಯಾದಿಂದ ಸೈನ್ಯ ಹಿಂತೆಗೆದರು. ಹಿಂದೆ ಕಾನ್ಫೆಡರೇಟ್ ಜನರಲ್ ಆಗಿದ್ದ ವೇಡ್ ಹ್ಯಾಂಪ್ಟನ್ ಗವರ್ನರ್ ಆದರು. ಸ್ಮಾಲ್ಸ್ ಅವರ ಮಿಲಿಷಿಯಾ ಹುದ್ದೆಯೂ ಅಲ್ಲಿಗೆ ಮುಗಿಯಿತು.

ಆರೇ ತಿಂಗಳಲ್ಲಿ ಅವರನ್ನು ಬಂಧಿಸಿದರು. ರಾಜ್ಯ ಸೆನೆಟ್‌ನಲ್ಲಿದ್ದಾಗ ಮುದ್ರಣ ಗುತ್ತಿಗೆಗಾಗಿ 5,000 ಡಾಲರ್ ಲಂಚ ಪಡೆದರೆಂಬ ಆರೋಪ. ಆ ಕಾಲದ ಶಾಸನಸಭೆಯಲ್ಲಿ ಮುದ್ರಣದ ಹೆಸರಿನಲ್ಲಿ ದುಡ್ಡು ಸೋರಿದ್ದು ನಿಜ. ಆದರೆ ಮುಖ್ಯ ಸಾಕ್ಷಿ ಜೋಸೆಫಸ್ ವುಡ್ರಫ್ ತಾನೇ ಹಗರಣದ ನಡುವಿನ ವ್ಯಕ್ತಿ, ಶಿಕ್ಷೆಯಿಂದ ಪಾರಾಗುವ ಭರವಸೆ ಪಡೆದು ಸಾಕ್ಷಿ ನುಡಿದವನು. ಸಂಸತ್ ಸ್ಥಾನ ಬಿಟ್ಟರೆ ಮೊಕದ್ದಮೆಯನ್ನೇ ಬಿಡುತ್ತೇವೆಂದು ತನಗೆ ಹೇಳಿಕಳಿಸಿದ್ದರೆಂದು ಸ್ಮಾಲ್ಸ್ ಹೇಳುತ್ತಿದ್ದರು. ಅವರು ಬಿಡಲಿಲ್ಲ. ಮೂರು ವರ್ಷದ ಕಠಿಣ ಶಿಕ್ಷೆಯಾಯಿತು, ಮೂರು ದಿನ ಜೈಲಿನಲ್ಲಿದ್ದು ಜಾಮೀನಿನ ಮೇಲೆ ಹೊರಬಂದರು. 1879ರಲ್ಲಿ ಗವರ್ನರ್ ವಿಲಿಯಂ ಸಿಂಪ್ಸನ್ ಕ್ಷಮಾದಾನ ಕೊಟ್ಟರು. ಅದಕ್ಕೆ ಪ್ರತಿಯಾಗಿ, ಚುನಾವಣಾ ಅಕ್ರಮದ ಆರೋಪ ಹೊತ್ತ, ಎದುರು ಪಕ್ಷದವರಾದ ಡೆಮಾಕ್ರಟರ ಮೇಲಿನ ಕೇಂದ್ರದ ಮೊಕದ್ದಮೆಗಳು ಕೈಬಿಟ್ಟುಹೋದವು. ಇಂಥ ಕೊಡುಕೊಳ್ಳುವಿಕೆಯಲ್ಲಿ ಸತ್ಯವೇನೆಂಬುದು ನ್ಯಾಯಾಲಯದಲ್ಲಿ ಕೊನೆಗೂ ಇತ್ಯರ್ಥವಾಗದೆ ಉಳಿಯಿತು.

ಮುಂದಿನ ಚುನಾವಣೆಗಳು ಹೋರಾಟವೇ. 1878ರಲ್ಲಿ ಗಿಲಿಸನ್ವಿಲ್ ಎಂಬಲ್ಲಿ ಕೆಂಪಂಗಿಯವರು ಮುತ್ತಿದಾಗ ಸ್ಮಾಲ್ಸ್ ಒಂದು ಅಂಗಡಿಯೊಳಗೆ ಬಾಗಿಲು ಹಾಕಿಕೊಂಡು ಜೀವ ಉಳಿಸಿಕೊಳ್ಳಬೇಕಾಯಿತು. ಸುತ್ತಲ ಹಳ್ಳಿಗಳ ಜನ ಓಡಿಬಂದು ಬಿಡಿಸಿದರು. 1880ರಲ್ಲಿ ಎದುರಾಳಿ ಜಾರ್ಜ್ ಟಿಲ್ಮನ್ ಗೆದ್ದರೆಂದು ಘೋಷಣೆಯಾಯಿತು. ಸ್ಮಾಲ್ಸ್ ತಕರಾರು ಹಾಕಿದರು, ಎರಡು ವರ್ಷದ ಮೇಲೆ ಸದನ ಅವರನ್ನೇ ಗೆದ್ದವರೆಂದು ಒಪ್ಪಿತು. 1886ರಲ್ಲಿ ಸೋಲುವವರೆಗೆ ಹೀಗೆ ಬಂದುಹೋಗುತ್ತಲೇ ಇದ್ದರು. ಯುದ್ಧಕಾಲದಲ್ಲಿ ಗುಲಾಮರನ್ನು ಬಿಡುಗಡೆ ಮಾಡಿ ಆದೇಶ ಹೊರಡಿಸಿದ್ದ ಜನರಲ್ ಡೇವಿಡ್ ಹಂಟರ್ ಅವರ ವಿಧವೆಗೆ ಪಿಂಚಣಿ ಕೊಡಿಸಲು ಅವರು ಸದನದಲ್ಲಿ ವಾದಿಸಿದರು. ಮಸೂದೆ ಪಾಸಾಯಿತು, ಅಧ್ಯಕ್ಷ ಕ್ಲೀವ್ಲ್ಯಾಂಡ್ ತಡೆದರು.

1895ರಲ್ಲಿ ಜಾರ್ಜ್ ಟಿಲ್ಮನ್‌ನ ತಮ್ಮ ಬೆನ್ ಟಿಲ್ಮನ್ ನೇತೃತ್ವದಲ್ಲಿ ಕೊಲಂಬಿಯಾದಲ್ಲಿ ಇನ್ನೊಂದು ಸಂವಿಧಾನ ಸಭೆ ಸೇರಿತು. ಹ್ಯಾಂಬರ್ಗ್‌ನಲ್ಲಿ ತಾನಿದ್ದೆನೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಮನುಷ್ಯ ಈ ಬೆನ್ ಟಿಲ್ಮನ್. ಕಪ್ಪು ಜನರ ಮತವನ್ನು ಕಾಗದದ ಮೇಲೆಯೇ ಕಿತ್ತುಕೊಳ್ಳುವುದು ಸಭೆಯ ಉದ್ದೇಶ. ಸಂವಿಧಾನದ ಭಾಗವೊಂದನ್ನು ಓದಬೇಕು ಇಲ್ಲವೇ ಅಧಿಕಾರಿಗೆ ಒಪ್ಪಿಗೆಯಾಗುವಂತೆ ಅರ್ಥ ಹೇಳಬೇಕು ಎಂಬ ಪರೀಕ್ಷೆ, 300 ಡಾಲರ್ ಆಸ್ತಿಯ ನಿಯಮ. ನೂರೈವತ್ತಕ್ಕೂ ಮಿಕ್ಕ ಪ್ರತಿನಿಧಿಗಳಲ್ಲಿ ಕಪ್ಪು ಜನ ಆರೇ ಮಂದಿ. ಅವರಲ್ಲಿ ಸ್ಮಾಲ್ಸ್ ಒಬ್ಬರು. ಕೈಕೆಳಗೆ ಡಿವಿಷನ್ ಇರಲಿಲ್ಲ, ಹಿಂದೆ ಬಹುಮತ ಇರಲಿಲ್ಲ.

ಕಪ್ಪು, ಬಿಳಿಯರ ನಡುವೆ ಮದುವೆ ನಿಷೇಧಿಸುವ ಕಲಮು ಬಂದಾಗ ಅವರು ತಿದ್ದುಪಡಿ ಇಟ್ಟರು: ಕಪ್ಪು ಹೆಂಗಸಿನೊಡನೆ ಸಂಬಂಧವಿಟ್ಟ ಬಿಳಿಯ ಸರ್ಕಾರಿ ಹುದ್ದೆಗೆ ಅನರ್ಹನಾಗಲಿ, ಹುಟ್ಟಿದ ಮಗುವಿಗೆ ಅಪ್ಪನ ಹೆಸರು ಸಿಗಲಿ. ತಂದೆ ಯಾರೆಂದು ಯಾವ ದಾಖಲೆಯಲ್ಲೂ ಬರೆಸಿಕೊಳ್ಳದೆ ಹುಟ್ಟಿದ ಮನುಷ್ಯ ತಂದ ತಿದ್ದುಪಡಿ ಅದು. ಸಭೆ ಅದನ್ನು ತಳ್ಳಿಹಾಕಿತು. ಕೊನೆಯ ದಿನ ಸ್ಮಾಲ್ಸ್ ಸಂವಿಧಾನಕ್ಕೆ ಸಹಿ ಹಾಕಲಿಲ್ಲ. ಸಹಿ ಹಾಕದವರಿಗೆ ಪ್ರಯಾಣದ ಖರ್ಚು ಕೊಡಬಾರದೆಂಬ ಮಾತು ಬಂದಾಗ, ಊರಿಗೆ ನಡೆದೇ ಹೋಗುತ್ತೇನೆ, ಸಹಿ ಮಾತ್ರ ಹಾಕೆ ಎಂದರು. ಕೊಲಂಬಿಯಾದಿಂದ ಬ್ಯೂಫರ್ಟ್ ನೂರು ಮೈಲಿಗೂ ಮೇಲೆ.

ಬ್ಯೂಫರ್ಟ್ ಬಂದರಿನ ಸುಂಕದ ಅಧಿಕಾರಿಯ ಹುದ್ದೆ, ನಡುವೆ ಕೆಲವು ವರ್ಷ ಬಿಟ್ಟು, 1913ರವರೆಗೆ ಅವರ ಕೈಯಲ್ಲಿತ್ತು. ಪ್ಲಾಂಟರ್‌ನ ಬಾಕಿ ಎನ್ನಬಹುದಾದ 5,000 ಡಾಲರನ್ನು ಕಾಂಗ್ರೆಸ್ 1900ರಲ್ಲಿ ಕೊಟ್ಟಿತು. 1915ರ ಫೆಬ್ರವರಿ 23ರಂದು ಪ್ರಿನ್ಸ್ ಸ್ಟ್ರೀಟ್‌ನ ಅದೇ ಮನೆಯಲ್ಲಿ ತೀರಿಕೊಂಡರು. ಅಮೆರಿಕದ ಭೂಸೇನೆ ತನ್ನ ಸಾಗಣೆ ಹಡಗೊಂದಕ್ಕೆ 'ಮೇಜರ್ ಜನರಲ್ ರಾಬರ್ಟ್ ಸ್ಮಾಲ್ಸ್' ಎಂದು ಹೆಸರಿಟ್ಟಿತು. ಕಾನ್ಫೆಡರೇಟರ ಗೆಲುವಿನ ನೆನಪಿಗೆ 'ಚಾನ್ಸಲರ್ಸ್ವಿಲ್' ಎಂದಿದ್ದ ಯುದ್ಧನೌಕೆಗೆ ನೌಕಾಪಡೆ 2023ರಲ್ಲಿ ಅವರ ಹೆಸರು ಕೊಟ್ಟಿತು. ಕೊಲಂಬಿಯಾದ ಶಾಸನಸಭೆಯ ಆವರಣದಲ್ಲಿ ಸ್ಮಾಲ್ಸ್ ಸ್ಮಾರಕ ನಿಲ್ಲಿಸಲು ರಾಜ್ಯ 2024ರಲ್ಲಿ ಒಪ್ಪಿತು. ಆ ಆವರಣದಲ್ಲಿ ಕುದುರೆಯೇರಿದ ವೇಡ್ ಹ್ಯಾಂಪ್ಟನ್ 1906ರಿಂದಲೂ, ಬೆನ್ ಟಿಲ್ಮನ್ 1940ರಿಂದಲೂ ಕಂಚಿನಲ್ಲಿ ನಿಂತಿದ್ದಾರೆ. 1895ರ ಸಂವಿಧಾನ, ಹಲವಾರು ತಿದ್ದುಪಡಿಗಳ ನಂತರ, ಇಂದಿಗೂ ಆ ರಾಜ್ಯದ ಸಂವಿಧಾನ.